ರಾತ್ರಿ ಗಾಡಿಯಲ್ಲಿ ಇಬ್ಬರಿಗಷ್ಟೇ ಕೂಪೆ: ಟಿಕೆಟ್ ತೆಗೆಯುವುದರಿಂದ ಚಿಲಕ ಹಾಕುವವರೆಗೆ

ಫಸ್ಟ್ ಎಸಿಗೆ ಅಷ್ಟು ದುಡ್ಡು ಕೊಟ್ಟರೂ ಕೂಪೆ ಸಿಗಲಿಲ್ಲ ಎಂಬ ಮಾತು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಪದೇ ಪದೇ ಕೇಳಿಬರುತ್ತದೆ. ವಯಸ್ಸಾದ ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವವರು, ಕೈಗೂಸು ಇರುವವರು, ಹೊಸದಾಗಿ ಮದುವೆಯಾದವರು ಇಬ್ಬರೇ ಇರುವ ಕೋಣೆ ಸಿಗುತ್ತದೆಂದು ನಂಬಿ ಗಾಡಿ ಹತ್ತುತ್ತಾರೆ. ಒಳಗೆ ಹೋಗಿ ನೋಡಿದರೆ ನಾಲ್ಕು ಬರ್ತಿನ ಕ್ಯಾಬಿನ್, ಎದುರಿಗೆ ಗುರುತಿಲ್ಲದ ಇಬ್ಬರು.

ಎಡವುವುದು ಹೆಚ್ಚಾಗಿ ಒಂದೇ ಕಡೆ. ಟಿಕೆಟ್ ಕೈಗೆ ಬಂದರೆ ಕೂಪೆಯೂ ಬಂತು ಅಂತ ತಿಳಿದುಬಿಡುತ್ತಾರೆ. ಟಿಕೆಟಿನಲ್ಲಿ ಸಿಗುವುದು ಫಸ್ಟ್ ಎಸಿಯ ಒಂದು ಬರ್ತ್ ಮಾತ್ರ. ಯಾರು ಕೂಪೆಗೆ, ಯಾರು ಕ್ಯಾಬಿನ್‌ಗೆ ಎಂಬುದನ್ನು ಚಾರ್ಟ್ (ಯಾರಿಗೆ ಯಾವ ಬರ್ತ್ ಎಂಬ ಕೊನೆಯ ಪಟ್ಟಿ) ಮಾಡುವ ಹೊತ್ತಿಗೆ ರೈಲ್ವೆಯವರು ಹಂಚುತ್ತಾರೆ. ಹಾಗಾಗಿ ಮಾಡಬೇಕಾದ ಕೆಲಸವೆಲ್ಲ ಚಾರ್ಟಿನ ಮೊದಲೇ ಮುಗಿದಿರಬೇಕು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಹಿಂದುಮುಂದಾದರೆ ಉಳಿದ ಶ್ರಮವೂ ವ್ಯರ್ಥ.

## ಕೂಪೆ ಯಾವುದು, ಕ್ಯಾಬಿನ್ ಯಾವುದು

ಫಸ್ಟ್ ಎಸಿಯನ್ನು ಟಿಕೆಟಿನಲ್ಲಿ 1ಎ ಎಂದು ಬರೆಯುತ್ತಾರೆ. ಅದರಲ್ಲಿ ಎರಡು ಥರದ ಕೋಣೆಗಳಿವೆ. ಕ್ಯಾಬಿನ್‌ನಲ್ಲಿ ಎದುರುಬದುರಾಗಿ ಕೆಳಗೆ ಎರಡು, ಮೇಲೆ ಎರಡು, ಒಟ್ಟು 4 ಬರ್ತ್. ಕೂಪೆಯಲ್ಲಿ ಕೆಳಗೊಂದು, ಮೇಲೊಂದು, ಎರಡೇ ಬರ್ತ್. ಎರಡಕ್ಕೂ ಸರಿಸುವ ಬಾಗಿಲು, ಒಳಗಿನಿಂದ ಚಿಲಕ. ದರವೂ ಎರಡಕ್ಕೂ ಒಂದೇ. ಕೂಪೆಗೆಂದು ಬೇರೆ ಹಣ ರೈಲ್ವೆಯಲ್ಲಿ ಇಲ್ಲವೇ ಇಲ್ಲ. ಇದನ್ನು ನೆನಪಿಡಿ, ದಲ್ಲಾಳಿಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಬೋಗಿಯ ಗುರುತನ್ನೂ ತಿಳಿದಿರಿ. ಎಚ್1 ಅಂದರೆ ಇಡೀ ಬೋಗಿ ಫಸ್ಟ್ ಎಸಿ. ಎಚ್ಎ1 ಅಂದರೆ ಅರ್ಧ ಫಸ್ಟ್ ಎಸಿ, ಅರ್ಧ ಸೆಕೆಂಡ್ ಎಸಿ. ಹಳೆಯ ಮಾದರಿಯ ಎಚ್ಎ ಬೋಗಿಯಲ್ಲಿ ಫಸ್ಟ್ ಎಸಿಗೆ ಇರುವುದು 10 ಬರ್ತ್: ಎರಡು ಕ್ಯಾಬಿನ್, ಒಂದು ಕೂಪೆ. ಇಡೀ ಗಾಡಿಗೆ ಒಂದೇ ಕೂಪೆ! ಅದಕ್ಕೆ ಅಧಿಕಾರಿಗಳ ಕೋಟಾದವರು, ಜನಪ್ರತಿನಿಧಿಗಳು, ನಿಮ್ಮ ಹಾಗೆ ಅರ್ಜಿ ಕೊಟ್ಟ ಇನ್ನೊಂದು ಜೋಡಿ ಎಲ್ಲರೂ ಕಾಯುತ್ತಿರುತ್ತಾರೆ. ಎಲ್ಲ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಸಿಗದಿರುವುದು ಇದೇ ಕಾರಣಕ್ಕೆ.

## ಮೊದಲೇ ಹೊಂದಿಸಿಟ್ಟುಕೊಳ್ಳಬೇಕಾದ್ದು

ರೈಲ್ವೆಯ ಆನ್‌ಲೈನ್ ಟಿಕೆಟ್ ತಾಣವಾದ ಐಆರ್‌ಸಿಟಿಸಿಯಲ್ಲಿ ಆಧಾರ್ ದೃಢೀಕರಣ ಮುಗಿದಿರುವ ಖಾತೆ ಬೇಕು. 2025ರ ಅಕ್ಟೋಬರ್‌ನಲ್ಲಿ ಮುಂಗಡ ಬುಕಿಂಗ್ ತೆರೆಯುವ ದಿನದ ಮೊದಲ ನಿಮಿಷಗಳನ್ನು ಇಂಥ ಖಾತೆಗಳಿಗೇ ಮೀಸಲಿಟ್ಟರು, ಆಮೇಲೆ ಆ ಅವಧಿಯನ್ನು ಇನ್ನೂ ಹೆಚ್ಚಿಸಿದ್ದಾರೆ. ಬುಕಿಂಗ್ ದಿನ ಬೆಳಿಗ್ಗೆ ಕೂತು ಒಟಿಪಿಗೆ ಕಾಯುತ್ತಿದ್ದರೆ ಬರ್ತ್ ಹೋಗಿರುತ್ತದೆ. ವಾರದ ಮೊದಲೇ ಮಾಡಿಕೊಳ್ಳಿ.

ಇಬ್ಬರ ಗುರುತಿನ ಚೀಟಿಯ ಝೆರಾಕ್ಸ್, ಚಿಕಿತ್ಸೆಗೆ ಹೋಗುವವರಾದರೆ ಆಸ್ಪತ್ರೆಯ ಚೀಟಿಯ ಝೆರಾಕ್ಸ್, ಎರಡು ಬಿಳಿ ಹಾಳೆ. ಪ್ರಯಾಣಕ್ಕೆ ಒಂದು ಲಗೇಜ್ ಸರಪಳಿ ಮತ್ತು ಬೀಗ, ಸಣ್ಣ ಟಾರ್ಚ್, ಒಂದು ಹಳೆಯ ದಿನಪತ್ರಿಕೆ. ದಿನಪತ್ರಿಕೆ ಯಾಕೆಂದು ಹಂತ 7ರಲ್ಲಿ ಹೇಳಿದೆ.

## ಹಂತ 1: ಗಾಡಿಯಲ್ಲಿ ಫಸ್ಟ್ ಎಸಿ ಇದೆಯೋ ನೋಡಿ

ಬೆಳಗಾವಿಯಿಂದ ಬೆಂಗಳೂರಿಗೆ ರಾತ್ರಿ ಹೊತ್ತು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಬೆಳಗಾವಿಯಿಂದಲೇ ಹೊರಡುವ 20654 ಸೂಪರ್‌ಫಾಸ್ಟ್ ಇದೆ. ವಿಜಯಪುರ, ಬಾಗಲಕೋಟೆಯವರಿಗೆ ಹುಬ್ಬಳ್ಳಿ ಮಾರ್ಗವಾಗಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್, ಸೋಲಾಪುರ, ಗುಂತಕಲ್ ಸುತ್ತಿಕೊಂಡು ಹೋಗುವ ಬಸವ ಎಕ್ಸ್‌ಪ್ರೆಸ್.

ಗಾಡಿಯ ಹೆಸರು ನಂಬಿ ಫಸ್ಟ್ ಎಸಿ ಇದೆಯೆಂದು ಕೂರಬೇಡಿ. ಬೋಗಿಗಳ ಜೋಡಣೆ ಆಗಾಗ ಬದಲಾಗುತ್ತದೆ. ನಿಮ್ಮ ತಾರೀಖು ಹಾಕಿ ಹುಡುಕಿದಾಗ ಕ್ಲಾಸುಗಳ ಸಾಲಿನಲ್ಲಿ 1ಎ ಕಾಣಿಸಿದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ. ಸೆಕೆಂಡ್ ಎಸಿಯಲ್ಲಿ ಇರುವುದು ಪರದೆ. ಅಲ್ಲಿ ಕೋಣೆಯೂ ಇಲ್ಲ, ಬಾಗಿಲೂ ಇಲ್ಲ.

ಎರಡು ಗಾಡಿಯಲ್ಲೂ ಫಸ್ಟ್ ಎಸಿ ಇದ್ದರೆ ನಿಮ್ಮ ಊರಿನಿಂದಲೇ ಹೊರಡುವ ಗಾಡಿಯನ್ನು ಆರಿಸಿ. ಅರ್ಜಿ ಕೊಡಬೇಕಾದ ಕಚೇರಿ ಹತ್ತಿರವಿರುತ್ತದೆ, ಚಾರ್ಟಿನ ಸಮಯದ ಲೆಕ್ಕವೂ ಸುಲಭ, ಹೊರಡುವ ಊರಿಗೆ ಬರ್ತಿನ ಪಾಲೂ ಸಾಮಾನ್ಯವಾಗಿ ಹೆಚ್ಚು.

## ಹಂತ 2: ತಾರೀಖಿನ ಲೆಕ್ಕ ಹಾಕಿ

ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು, ಬೆಳಿಗ್ಗೆ 8ಕ್ಕೆ. 2024ರ ನವೆಂಬರ್ 1ರ ತನಕ ಇದು 120 ದಿನ ಇತ್ತು. ಹಳೆಯ ಲೆಕ್ಕ ಹಿಡಿದವರು ಇನ್ನೂ ಇದ್ದಾರೆ. ಪ್ರಯಾಣದ ದಿನವನ್ನು ಎಣಿಕೆಯಲ್ಲಿ ಹಿಡಿಯುವುದಿಲ್ಲ. ಜೂನ್ 30ರ ಪ್ರಯಾಣಕ್ಕೆ ಮೇ 1ರಂದು ಬುಕಿಂಗ್ ತೆರೆಯುತ್ತದೆ.

ಇಲ್ಲಿ ಒಂದು ಗಂಟು ಇದೆ. 60 ದಿನವನ್ನು ಎಣಿಸುವುದು ಗಾಡಿ ತನ್ನ ಮೊದಲ ನಿಲ್ದಾಣ ಬಿಡುವ ತಾರೀಖಿನಿಂದ. ಬೆಂಗಳೂರಿನಿಂದ ಬಂದು ಮಾರನೇ ದಿನ ನಿಮ್ಮ ಊರು ಮುಟ್ಟುವ ಗಾಡಿಯನ್ನು ನಡುದಾರಿಯಲ್ಲಿ ಹತ್ತುವುದಾದರೆ, ನೀವು ಹತ್ತುವ ದಿನಕ್ಕಿಂತ 61 ದಿನ ಮೊದಲೇ ಬುಕಿಂಗ್ ತೆರೆದಿರುತ್ತದೆ. ಒಂದು ದಿನ ತಡವಾಗಿ ಕೂತರೆ ಇರುವ ಹತ್ತೇ ಬರ್ತ್ ಮುಗಿದಿರುತ್ತವೆ.

ನಡುರಾತ್ರಿ ದಾಟಿದ ಮೇಲೆ ಬರುವ ಗಾಡಿಯದು ಇನ್ನೊಂದು ತಪ್ಪು. ರಾತ್ರಿ 12:20ಕ್ಕೆ ಗಾಡಿ ಅಂದರೆ ಅದು ಮಾರನೇ ತಾರೀಖು. ಶನಿವಾರ ಊಟ ಮುಗಿಸಿ ಹೊರಡುವವರು ರವಿವಾರದ ತಾರೀಖು ಹಾಕಬೇಕು. ಪರಿಚಿತರಲ್ಲಿ ಒಬ್ಬರಾದರೂ ಹೀಗೆ ಗಾಡಿ ತಪ್ಪಿಸಿಕೊಂಡಿರುತ್ತಾರೆ.

ತತ್ಕಾಲ್ ನಂಬಿ ಕೂರಬೇಡಿ. ಫಸ್ಟ್ ಎಸಿಗೆ ತತ್ಕಾಲ್ ಇಲ್ಲ. ಆರ್‌ಎಸಿಯೂ (ಇಬ್ಬರು ಒಂದೇ ಬರ್ತ್ ಹಂಚಿಕೊಳ್ಳುವ ಟಿಕೆಟ್) ಇಲ್ಲ, ಒಂದೋ ಕನ್ಫರ್ಮ್, ಇಲ್ಲವೇ ವೇಟಿಂಗ್. ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ಚಾರ್ಟ್ ಆದಾಗ ತಾನಾಗಿಯೇ ರದ್ದಾಗುತ್ತದೆ.

## ಹಂತ 3: ಟಿಕೆಟ್ ತೆಗೆಯುವುದು

ಇಬ್ಬರ ಹೆಸರೂ ಒಂದೇ ಪಿಎನ್‌ಆರ್‌ನಲ್ಲಿ (ಟಿಕೆಟಿನ ಬುಕಿಂಗ್ ಸಂಖ್ಯೆಯಲ್ಲಿ) ಇರಲೇಬೇಕು. ಗಂಡನ ಟಿಕೆಟ್ ಒಂದು ಮೊಬೈಲಿನಿಂದ, ಹೆಂಡತಿಯದು ಇನ್ನೊಂದರಿಂದ ತೆಗೆದರೆ ಚಾರ್ಟ್ ಮಾಡುವವರ ಕಣ್ಣಿಗೆ ನೀವು ಸಂಬಂಧವಿಲ್ಲದ ಇಬ್ಬರು. ಎರಡು ಬರ್ತಿನ ಕೋಣೆಗೆ ಅವರು ಮೊದಲು ಹುಡುಕುವುದು ಇಬ್ಬರೇ ಇರುವ ಪಿಎನ್‌ಆರ್. ಮೂವರಿದ್ದರೆ ಸೇರುವುದು ಕ್ಯಾಬಿನ್‌ಗೆ. ನಾಲ್ವರಿದ್ದರೆ ಕೂಪೆಯ ಆಸೆ ಬಿಟ್ಟು ಒಂದೇ ಪಿಎನ್‌ಆರ್‌ನಲ್ಲಿ ನಾಲ್ಕೂ ಬರ್ತ್ ತೆಗೆಯಿರಿ. ಇಡೀ ಕ್ಯಾಬಿನ್ ನಿಮ್ಮದೇ ಆಗುವ ಸಾಧ್ಯತೆ ಕೂಪೆಗಿಂತ ಹೆಚ್ಚು.

ಮಕ್ಕಳ ಲೆಕ್ಕದಲ್ಲಿ ಎಚ್ಚರ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. 5ರಿಂದ 11ರವರೆಗಿನ ಮಗುವಿಗೆ ಬರ್ತ್ ಬೇಡವೆಂದು ತುಂಬಿದರೆ ಅರ್ಧ ದರ, ಬರ್ತ್ ಬೇಕೆಂದರೆ ಪೂರ್ತಿ ದರ. ಅಪ್ಪ, ಅವ್ವ, 6 ವರ್ಷದ ಮಗಳು ಹೊರಟಿದ್ದೀರಿ ಅನ್ನಿ. ಮಗಳಿಗೆ ಬರ್ತ್ ಬೇಡವೆಂದರೆ ನೀವು ಎರಡು ಬರ್ತಿನ ಕುಟುಂಬ, ಕೂಪೆಗೆ ಹೊಂದುತ್ತೀರಿ. ಬರ್ತ್ ಕೇಳಿದಿರೋ, ಮೂರು ಬರ್ತಾಗಿ ಕ್ಯಾಬಿನ್‌ಗೆ ಹೋಗುತ್ತೀರಿ, ನಾಲ್ಕನೆಯವರು ಯಾರೋ ಬರುತ್ತಾರೆ. ಕೆಳಗಿನ ಬರ್ತಿನಲ್ಲಿ ತಾಯಿ, ಮಗು ಸ್ವಲ್ಪ ಒತ್ತಾಗಿಯಾದರೂ ಮಲಗಬಹುದು.

ಐಆರ್‌ಸಿಟಿಸಿಯಲ್ಲಿ 1ಎ ಆರಿಸಿದಾಗ ಬರ್ತ್ ಆಯ್ಕೆಯ ಜಾಗದಲ್ಲಿ ಕೆಳಗಿನದು, ಮೇಲಿನದು ಎಂಬುದರ ಬದಲು ಕ್ಯಾಬಿನ್, ಕೂಪೆ ಎಂಬ ಆಯ್ಕೆ ಬರುತ್ತದೆ. ಇಬ್ಬರ ಹೆಸರಿನ ಮುಂದೆಯೂ ಕೂಪೆ ಎಂದೇ ಆರಿಸಿ. ಒಬ್ಬರಿಗೆ ಮಾತ್ರ ಆರಿಸಿ ಇನ್ನೊಬ್ಬರದನ್ನು ಖಾಲಿ ಬಿಡುವುದು ಸಾಮಾನ್ಯ ತಪ್ಪು. ಕೌಂಟರಿನಲ್ಲಿ ತೆಗೆಯುವವರು ರಿಸರ್ವೇಶನ್ ಫಾರಂ ಮೇಲೆ ಎದ್ದು ಕಾಣುವಂತೆ ‘ಕೂಪೆ ಬೇಕು’ ಎಂದು ಬರೆದು, ಬಾಯಲ್ಲೂ ಹೇಳಿ.

ಟಿಕೆಟ್ ಬಂದಾಗ ಅದರಲ್ಲಿ ಕನ್ಫರ್ಮ್ ಎಂದಷ್ಟೇ ಇರುತ್ತದೆ, ಬೋಗಿ ಇಲ್ಲ, ಬರ್ತ್ ನಂಬರ್ ಇಲ್ಲ. ಗಾಬರಿ ಬೇಡ. ಫಸ್ಟ್ ಎಸಿ ಟಿಕೆಟ್ ಇರುವುದೇ ಹಾಗೆ. ನಂಬರ್ ಬರುವುದು ಚಾರ್ಟ್ ಆದ ಮೇಲೆ.

ನಡುದಾರಿಯ ಊರಿನಿಂದ 1ಎ ವೇಟಿಂಗ್ ತೋರಿಸುತ್ತಿದ್ದರೆ ಗಾಡಿ ಹೊರಡುವ ಊರಿನಿಂದ ನೋಡಿ. ಅಲ್ಲಿಂದ ಕನ್ಫರ್ಮ್ ಇದ್ದರೆ ಅಲ್ಲಿಂದಲೇ ಟಿಕೆಟ್ ತೆಗೆದು, ಬುಕ್ ಮಾಡುವಾಗಲೇ ಹತ್ತುವ ನಿಲ್ದಾಣವನ್ನು ನಿಮ್ಮ ಊರಿಗೆ ಬದಲಿಸಿ. ದರ ಸ್ವಲ್ಪ ಹೆಚ್ಚಾದೀತು. ಬದಲಿಸದೆ ಬಿಟ್ಟರೆ ಮಾತ್ರ ದೊಡ್ಡ ಕಷ್ಟ: ಟಿಸಿಯ ಕೈಯಲ್ಲಿರುವ ಯಂತ್ರದಲ್ಲಿ ನೀವು ಬಂದಿಲ್ಲವೆಂದು ದಾಖಲಾಗಿ ಬರ್ತ್ ಬೇರೆಯವರಿಗೆ ಹೋಗುತ್ತದೆ. ಬೆಳಗಾವಿಯಿಂದ ಟಿಕೆಟ್ ಇಟ್ಟುಕೊಂಡು ಧಾರವಾಡದಲ್ಲಿ ಹತ್ತುವವರಿಗೂ ಇದೇ ಗತಿ.

## ಹಂತ 4: ಅರ್ಜಿ

ಬಹಳಷ್ಟು ಜನ ಬಿಟ್ಟುಬಿಡುವ ಹಂತ ಇದೇ, ಹೆಚ್ಚು ಕೆಲಸಕ್ಕೆ ಬರುವುದೂ ಇದೇ. ಬುಕಿಂಗ್‌ನಲ್ಲಿ ಕೂಪೆ ಆರಿಸುವುದು ಒಂದು ಕೋರಿಕೆ ಮಾತ್ರ. ಅದರ ಹಿಂದೆ ಒಂದು ಕಾಗದ ಇದ್ದರೆ ಹಂಚುವವರಿಗೆ ನಿಮ್ಮನ್ನು ಆರಿಸಲು ಕಾರಣ ಸಿಗುತ್ತದೆ.

ಯಾರಿಗೆ ಕೊಡಬೇಕು? ಚಾರ್ಟ್ ಮಾಡುವ ಕಚೇರಿಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಬರುವುದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ. ಇಲ್ಲಿಂದಲೇ ಹೊರಡುವ ಗಾಡಿಯಾದರೆ ಸುಲಭ. ಮಿರಜ್ ಕಡೆಯಿಂದಲೋ ಪಂಢರಪುರ ಕಡೆಯಿಂದಲೋ ಬರುವ ಗಾಡಿಯಾದರೆ ಮೊದಲು ನಿಮ್ಮ ನಿಲ್ದಾಣದ ರಿಸರ್ವೇಶನ್ ಸೂಪರ್‌ವೈಸರ್ ಹತ್ತಿರ ಹೋಗಿ, “ಸಾಹೇಬ್ರ, ಈ ಗಾಡಿದು ಫಸ್ಟ್ ಎಸಿ ಚಾರ್ಟ್ ಎಲ್ಲಿ ಮಾಡ್ತಾರ್ರಿ? ಕೂಪೆಕ್ಕ ಅರ್ಜಿ ಯಾರಿಗಿ ಕೊಡಬೇಕ್ರಿ?” ಎಂದು ಕೇಳಿ. ಈ ಒಂದು ಪ್ರಶ್ನೆ ಕೇಳದೆ ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಫೈಲಿನಲ್ಲಿ ಉಳಿಯುತ್ತದೆ. ಬೆಂಗಳೂರಿನಿಂದ ಮರಳುವಾಗ ಬೆಂಗಳೂರು ವಿಭಾಗ, ಮೈಸೂರಿನಿಂದ ಹೊರಡುವ ಗಾಡಿಗೆ ಮೈಸೂರು ವಿಭಾಗ. ಹೋಗುವುದಕ್ಕೊಂದು, ಬರುವುದಕ್ಕೊಂದು, ಎರಡು ಅರ್ಜಿ ಬೇಕು.

ಯಾವಾಗ ಕೊಡಬೇಕು? ಹಿಂದಿನ ದಿನ ಮಧ್ಯಾಹ್ನ 12ರೊಳಗೆ. ಮೊದಲೆಲ್ಲ ಗಾಡಿ ಬಿಡುವ 4 ಗಂಟೆ ಮುಂಚೆ ಚಾರ್ಟ್ ಆಗುತ್ತಿತ್ತು. 2025ರ ಜುಲೈನಲ್ಲಿ ಅದನ್ನು 8 ಗಂಟೆ ಮಾಡಿದರು, ಅದೇ ವರ್ಷದ ಡಿಸೆಂಬರ್‌ನಿಂದ ರಾತ್ರಿ ಗಾಡಿಗಳಿಗೆ ಕನಿಷ್ಠ 10 ಗಂಟೆ ಮುಂಚೆ ಆಗುತ್ತಿದೆ. ರಾತ್ರಿ 9ರ ಗಾಡಿಯ ಚಾರ್ಟ್ ಬೆಳಿಗ್ಗೆ 11ರೊಳಗೆ ಮುಗಿದಿರುತ್ತದೆ. ‘ಸಂಜೀಕ ಹೋಗಿ ಹೇಳಿದರಾತು’ ಎನ್ನುವ ಹಳೆಯ ರೂಢಿ ಈಗ ನಡೆಯುವುದಿಲ್ಲ. ಈ 10 ಗಂಟೆಯನ್ನೂ ಗಾಡಿ ತನ್ನ ಮೊದಲ ನಿಲ್ದಾಣ ಬಿಡುವ ಹೊತ್ತಿನಿಂದಲೇ ಎಣಿಸಬೇಕು. ತುರ್ತು ಕೋಟಾದ (ಅಧಿಕಾರಿಗಳು, ಜನಪ್ರತಿನಿಧಿಗಳು ಮುಂತಾದವರಿಗೆ ತೆಗೆದಿಟ್ಟ ಬರ್ತುಗಳ) ಮನವಿಗಳು ಹಿಂದಿನ ದಿನವೇ ತಲುಪಬೇಕೆಂಬ ನಿಯಮ 2025ರಲ್ಲಿ ಬಂದಿದೆ. ಕೂಪೆಯ ಅರ್ಜಿಯನ್ನೂ ಅದೇ ಅಳತೆಗೆ ಇಟ್ಟುಕೊಳ್ಳಿ. ರವಿವಾರವೋ ಹಬ್ಬದ ರಜೆಯೋ ನಡುವೆ ಬಂದರೆ ಅದಕ್ಕೂ ಹಿಂದಿನ ಕೆಲಸದ ದಿನ. ಬಹಳ ಮೊದಲು, ತಿಂಗಳ ಮುಂಚೆ ಕೊಡುವುದೂ ಪ್ರಯೋಜನವಿಲ್ಲ, ಕಾಗದ ಅಡಿಗೆ ಹೋಗುತ್ತದೆ. ಎರಡು ಮೂರು ದಿನ ಮೊದಲು ಕೊಟ್ಟು, ಹಿಂದಿನ ದಿನ ಒಮ್ಮೆ ನೆನಪಿಸುವುದು ಒಳ್ಳೆಯದು.

ಏನು ಬರೆಯಬೇಕು? ಒಂದೇ ಪುಟ. ಪಿಎನ್‌ಆರ್ ಮೇಲೆಯೇ ಇರಲಿ. ಮಾದರಿ ಹೀಗಿದೆ:

ಗೆ,
ಸೀನಿಯರ್ ಡಿವಿಷನಲ್ ಕಮರ್ಷಿಯಲ್ ಮ್ಯಾನೇಜರ್, ನೈಋತ್ಯ ರೈಲ್ವೆ, ಹುಬ್ಬಳ್ಳಿ
ಮುಖಾಂತರ: ರಿಸರ್ವೇಶನ್ ಸೂಪರ್‌ವೈಸರ್, ಬೆಳಗಾವಿ

ವಿಷಯ: ಫಸ್ಟ್ ಎಸಿಯಲ್ಲಿ ಕೂಪೆ ಹಂಚಿಕೆಗಾಗಿ ಮನವಿ
ಪಿಎನ್‌ಆರ್: ……  ಗಾಡಿ ಸಂಖ್ಯೆ: ……  ತಾರೀಖು: ……  ಎಲ್ಲಿಂದ: ……  ಎಲ್ಲಿಗೆ: ……

ಮಾನ್ಯರೇ, ಮೇಲಿನ ಪಿಎನ್‌ಆರ್‌ನಲ್ಲಿ ನಮ್ಮಿಬ್ಬರ ಟಿಕೆಟ್ ಕನ್ಫರ್ಮ್ ಆಗಿರುತ್ತದೆ. ನನ್ನ ತಾಯಿಗೆ 74 ವರ್ಷ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುತ್ತಿದ್ದು, ರಾತ್ರಿ ಎರಡು ಮೂರು ಸಲ ಏಳಿಸಬೇಕಾಗುತ್ತದೆ. ದಯವಿಟ್ಟು ನಮಗೆ ಕೂಪೆ ಹಂಚಬೇಕೆಂದು ವಿನಂತಿ. ಕೂಪೆ ಸಾಧ್ಯವಾಗದಿದ್ದರೆ ಒಂದೇ ಕ್ಯಾಬಿನ್‌ನಲ್ಲಿ ಎರಡು ಬರ್ತ್ ಕೊಟ್ಟು, ತಾಯಿಗೆ ಕೆಳಗಿನ ಬರ್ತ್ ಕೊಡಬೇಕಾಗಿ ಕೋರುತ್ತೇನೆ.
ಲಗತ್ತು: ಟಿಕೆಟ್, ಗುರುತಿನ ಚೀಟಿ, ಆಸ್ಪತ್ರೆಯ ಚೀಟಿ
ಹೆಸರು, ಮೊಬೈಲ್, ಸಹಿ

ಕೊನೆಯ ಕೋರಿಕೆಯನ್ನು ಮರೆಯಬೇಡಿ. ಕೂಪೆ ಮಾತ್ರ ಕೇಳಿ, ಅದು ಸಿಗದಿದ್ದಾಗ ಇಬ್ಬರಿಗೂ ಮೇಲಿನ ಬರ್ತ್ ಬಂದು ಮುದುಕಿಯನ್ನು ಏಣಿ ಹತ್ತಿಸುವ ಪಾಡು ಯಾರಿಗೂ ಬೇಡ. ಕಾರಣವನ್ನು ಇದ್ದದ್ದು ಇದ್ದ ಹಾಗೆ ಎರಡೇ ವಾಕ್ಯದಲ್ಲಿ ಹೇಳಿ. ಕೈಗೂಸಿಗೆ ಹಾಲೂಡಿಸಬೇಕು, ಮದುವೆಯಾಗಿ ಮೊದಲ ಪ್ರಯಾಣ, ಅಂಗವೈಕಲ್ಯ ಇದೆ, ಯಾವುದಾದರೂ ಸರಿ. ಇಲ್ಲದ ಕಾಯಿಲೆ ಹೇಳಬೇಡಿ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮುದ್ರೆ ಅಥವಾ ಸಹಿ, ತಾರೀಖು ಹಾಕಿಸಿಕೊಳ್ಳಿ. ಅದರ ಫೋಟೊ ಮೊಬೈಲಿನಲ್ಲಿರಲಿ; ಮುಂದೆ ಟಿಸಿಗೆ ತೋರಿಸಲು ಬೇಕು.

## ಹಂತ 5: ಚಾರ್ಟ್ ಓದುವುದು

ಚಾರ್ಟ್ ಆದ ಕೂಡಲೇ ಮೊಬೈಲಿಗೆ ಸಂದೇಶ ಬರುತ್ತದೆ. ಅದರಲ್ಲಿ ಬೋಗಿ, ಬರ್ತ್ ಇರುತ್ತದೆ. ನಿಮ್ಮದು ಕೂಪೆಯೋ ಕ್ಯಾಬಿನ್ನೋ ಎಂದು ಖಚಿತವಾಗಬೇಕಾದರೆ ಐಆರ್‌ಸಿಟಿಸಿಯ ಚಾರ್ಟ್ ಮತ್ತು ಖಾಲಿ ಬರ್ತ್ ತೋರಿಸುವ ಪುಟಕ್ಕೆ ಹೋಗಿ, ಗಾಡಿ, ತಾರೀಖು, ಹತ್ತುವ ಊರು ಹಾಕಿ, ಎಚ್1 ಅಥವಾ ಎಚ್ಎ1 ಒತ್ತಿ. ಪ್ರತಿ ಬರ್ತಿನ ಮುಂದೆ ಕ್ಯಾಬಿನ್ ಅಥವಾ ಕೂಪೆ ಎಂದೂ, ಕೋಣೆಯ ಅಕ್ಷರವೂ ಇರುತ್ತದೆ. ಬೋಗಿಯೊಳಗೆ ಬಾಗಿಲ ಮೇಲೆ ಇರುವುದೂ ಅದೇ ಅಕ್ಷರ.

ಅದೇ ಪುಟದಲ್ಲಿ ಯಾವ ಬರ್ತ್ ಎಲ್ಲಿಂದ ಎಲ್ಲಿಯವರೆಗೆ ಖಾಲಿ ಎಂಬುದೂ ಕಾಣುತ್ತದೆ. ನೀವು ಕ್ಯಾಬಿನ್‌ಗೆ ಬಿದ್ದು, ಕೂಪೆಯ ಎರಡೂ ಬರ್ತ್ ನಿಮ್ಮ ದಾರಿಯುದ್ದಕ್ಕೂ ಖಾಲಿ ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆದರೆ ಗಾಡಿ ಬಿಡುವ ಮುನ್ನ ಎರಡನೇ ಚಾರ್ಟ್ ಇದೆ. ಅಷ್ಟರೊಳಗೆ ಆ ಬರ್ತ್ ಕರೆಂಟ್ ಬುಕಿಂಗ್‌ನಲ್ಲಿ (ಚಾರ್ಟ್ ಆದ ಮೇಲೆ ಉಳಿದ ಬರ್ತ್ ಮಾರುವಾಗ) ಹೋಗಬಹುದು, ಸೆಕೆಂಡ್ ಎಸಿಯಿಂದ ಮೇಲೇರಿಸಿದವರಿಗೂ ಸಿಗಬಹುದು.

ಚಾರ್ಟ್ ಆದ ಮೇಲೆ ಮತ್ತೆ ಕಚೇರಿಗೆ ಓಡಬೇಡಿ. ಇನ್ನು ಮಾತೇನಿದ್ದರೂ ಟಿಸಿ ಹತ್ತಿರ.

## ಹಂತ 6: ಕೂಪೆ ಬರದಿದ್ದರೆ ಟಿಸಿಯನ್ನು ಕೇಳುವ ಕ್ರಮ

ಹತ್ತಿದ ಕೂಡಲೇ ಕೂಪೆಯ ಬಾಗಿಲು ಬಡಿದು ಒಳಗಿದ್ದವರನ್ನು ಕೇಳುವುದು ತಪ್ಪು. ಮೊದಲು ನಿಮ್ಮ ಬರ್ತಿನಲ್ಲಿ ಕೂತು, ಟಿಕೆಟ್ ತಪಾಸಣೆ ಮುಗಿಸಿ. ಆಮೇಲೆ ಅರ್ಜಿಯ ಪ್ರತಿ ತೋರಿಸಿ, “ಸಾಹೇಬ್ರ, ನಾವಿಬ್ರೂ ಒಂದ ಪಿಎನ್‌ಆರ್ ಅದೀವ್ರಿ. ಕೂಪೆದಾಗ ಯಾರರ ಒಬ್ಬೊಬ್ರ ಇದ್ದರ ಬದಲಿ ಮಾಡಿಕೊಡ್ರಿ” ಎಂದು ಕೇಳಿ.

ಒಪ್ಪುವ ಸಾಧ್ಯತೆ ಹೆಚ್ಚಿರುವುದು ಕೂಪೆಯಲ್ಲಿ ಗುರುತಿಲ್ಲದ ಒಬ್ಬೊಬ್ಬರು ಇದ್ದಾಗ. ಅವರಿಗೂ ಅದು ಮುಜುಗರವೇ. ನಿಮ್ಮ ಬಳಿ ಕೆಳಗಿನ ಬರ್ತ್ ಇದ್ದರೆ ಅದನ್ನೇ ಮುಂದಿಡಿ. ಮೇಲಿನ ಬರ್ತಿನವರು ಅದಕ್ಕಾಗಿ ಸಂತೋಷದಿಂದ ಏಳುತ್ತಾರೆ. ಬದಲಾದ ಮೇಲೆ ಟಿಸಿಗೆ ತಿಳಿಸಿ, ಅವರ ಯಂತ್ರದಲ್ಲಿ ಗುರುತು ಮಾಡಿಸಿ. ಇಲ್ಲವಾದರೆ ಹುಬ್ಬಳ್ಳಿಯಲ್ಲಿ ಟಿಸಿ ಬದಲಾದಾಗ ನಡುರಾತ್ರಿ ಬಾಗಿಲು ಬಡಿತ ತಪ್ಪಿದ್ದಲ್ಲ.

ಟಿಸಿ ಆಗುವುದಿಲ್ಲ ಅಂದರೆ ಅಲ್ಲಿಗೆ ಬಿಡಿ. ಕೂಪೆ ಸಿಗದಿದ್ದಕ್ಕೆ ಹಣ ವಾಪಸಾತಿ ಇಲ್ಲ, ಯಾಕೆಂದರೆ ಟಿಕೆಟಿನಲ್ಲಿ ಆ ಭರವಸೆ ಇರುವುದಿಲ್ಲ. ಎಸಿಯೇ ಕೆಟ್ಟರೆ ಮಾತು ಬೇರೆ: ಟಿಸಿಯಿಂದ ಪ್ರಮಾಣಪತ್ರ ಪಡೆದು, ಗಾಡಿ ಊರು ಮುಟ್ಟಿದ 20 ಗಂಟೆಯೊಳಗೆ ಟಿಡಿಆರ್ (ಹಣ ವಾಪಸು ಕೇಳುವ ಆನ್‌ಲೈನ್ ಅರ್ಜಿ) ಹಾಕಿದರೆ ದರದ ವ್ಯತ್ಯಾಸ ಬರುತ್ತದೆ.

## ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ

ಒಬ್ಬರೇ ಇದ್ದಾಗ ಕೂಪೆ ಕೇಳಬೇಡಿ, ಕ್ಯಾಬಿನ್ ಎಂದೇ ಆರಿಸಿ. ಚಾರ್ಟ್ ಮಾಡುವವರು ಸಾಮಾನ್ಯವಾಗಿ ಹೆಂಗಸರನ್ನು ಒಟ್ಟಿಗೆ ಹಾಕಲು ನೋಡುತ್ತಾರೆ, ಆದರೆ ಅದಕ್ಕೆ ಖಾತ್ರಿ ಇಲ್ಲ. ಚಿಲಕ ಹಾಕಿದ ಪುಟ್ಟ ಕೋಣೆಯಲ್ಲಿ ಗುರುತಿಲ್ಲದ ಒಬ್ಬನ ಜೊತೆ ರಾತ್ರಿ ಕಳೆಯುವುದಕ್ಕಿಂತ ನಾಲ್ವರ ನಡುವೆ ಇರುವುದು ವಾಸಿ. ಆದರೂ ಕೂಪೆಗೇ ಬಿದ್ದರೆ, ಅಥವಾ ಕ್ಯಾಬಿನ್‌ನಲ್ಲಿ ಮೂವರೂ ಗಂಡಸರಿದ್ದು ಮನಸ್ಸಿಗೆ ಸರಿಬರದಿದ್ದರೆ, ಸಂಕೋಚ ಬಿಟ್ಟು ಟಿಸಿಗೆ ಹೇಳಿ. ಟಿಸಿ ಸಿಗದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಪಿಎನ್‌ಆರ್ ಹೇಳಿ.

## ನಾಯಿ ಜೊತೆಗಿದ್ದರೆ

ಮುಧೋಳ ನಾಯಿಮರಿ ಕೊಂಡು ಬೆಂಗಳೂರಿಗೆ ಒಯ್ಯುವವರು ಬಾಗಲಕೋಟೆಯ ಕಡೆ ಇದ್ದೇ ಇರುತ್ತಾರೆ. ಪ್ರಯಾಣಿಕರ ಜೊತೆ ನಾಯಿಗೆ ಅನುಮತಿ ಇರುವುದು ಫಸ್ಟ್ ಎಸಿಯಲ್ಲಿ, ಅದೂ ಇಡೀ ಕೂಪೆ ಅಥವಾ ಇಡೀ ಕ್ಯಾಬಿನ್ ನಿಮ್ಮದೇ ಆದಾಗ. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್‌ನಲ್ಲಿ ಇಲ್ಲ.

ಕ್ರಮ ಹೀಗೆ: ಒಂದೇ ಪಿಎನ್‌ಆರ್‌ನಲ್ಲಿ ಎರಡು ಟಿಕೆಟ್, ಅರ್ಜಿಯಲ್ಲಿ ನಾಯಿಯ ವಿಷಯ ಸ್ಪಷ್ಟವಾಗಿ, ಲಸಿಕೆಯ ಕಾರ್ಡ್, ಪಶುವೈದ್ಯರಿಂದ ಒಂದೆರಡು ದಿನದೊಳಗೆ ಪಡೆದ ಆರೋಗ್ಯ ಪ್ರಮಾಣಪತ್ರ. ಚಾರ್ಟಿನಲ್ಲಿ ಕೂಪೆ ಬಂದದ್ದು ಖಚಿತವಾದ ಮೇಲೆ ಗಾಡಿಗಿಂತ ಎರಡು ಮೂರು ಗಂಟೆ ಮೊದಲು ಪಾರ್ಸಲ್ ಕಚೇರಿಗೆ ನಾಯಿಯನ್ನು ಕರೆದೊಯ್ದು ಲಗೇಜ್ ರಸೀದಿ ಮಾಡಿಸಿ. ರಸೀದಿ ಇಲ್ಲದೆ ಹತ್ತಿದರೆ ದಂಡ. ಕೂಪೆ ಬರದೆ ಬೇರೆಯವರ ಜೊತೆ ಕ್ಯಾಬಿನ್ ಬಂದರೆ ನಾಯಿ ಗಾರ್ಡ್ ಡಬ್ಬಿಗೆ ಹೋಗುತ್ತದೆ. ಮರಿಗೆ ಅದು ಬಹಳ ಹಿಂಸೆ. ಹಾಗೆ ಆಗುವುದಾದರೆ ಪ್ರಯಾಣ ಮುಂದೂಡುವುದೇ ಸರಿ.

ಎರಡನೇ ಬರ್ತನ್ನು ಸುಳ್ಳು ಹೆಸರಿನಲ್ಲಿ ತೆಗೆದು ಖಾಲಿ ಇಡುವ ಉಪಾಯ ಬೇಡ. ಆ ಹೆಸರಿನವರು ಬಂದಿಲ್ಲವೆಂದು ದಾಖಲಾದ ಕೂಡಲೇ ಬರ್ತ್ ಬೇರೆಯವರದು.

## ಈ ಲಕ್ಷಣ ಕಂಡರೆ ದೂರ ಇರಿ

‘ಒಂದು ಸಾವಿರ ಕೊಡ್ರಿ, ಕೂಪೆ ಗ್ಯಾರಂಟಿ’ ಎನ್ನುವವರು. ಗ್ಯಾರಂಟಿ ಕೊಡುವ ಅಧಿಕಾರ ಚಾರ್ಟಿಗೆ ಮೊದಲು ಯಾರಿಗೂ ಇಲ್ಲ. ಅನುಮತಿ ಇಲ್ಲದೆ ಟಿಕೆಟ್ ದಲ್ಲಾಳಿ ಕೆಲಸ ಮಾಡುವುದು ರೈಲ್ವೆ ಕಾಯ್ದೆಯ 143ನೇ ಕಲಮಿನಡಿ ಅಪರಾಧ.

ಬುಕ್ ಮಾಡಿಕೊಟ್ಟವರ ಟಿಕೆಟಿನಲ್ಲಿ ಚಾರ್ಟ್ ಆಗುವ ಮೊದಲೇ ಕೂಪೆಯ ಬರ್ತ್ ನಂಬರ್ ಬರೆದಿದ್ದರೆ ಅನುಮಾನಪಡಿ. ಆ ಹೊತ್ತಿಗೆ ನಂಬರ್ ಇರುವುದೇ ಇಲ್ಲ. ನಿಮ್ಮ ಮೊಬೈಲ್ ನಂಬರ್ ಬದಲು ಏಜೆಂಟರ ನಂಬರ್ ಹಾಕಿದ್ದರೂ ತೊಂದರೆ. ಚಾರ್ಟಿನ ಸಂದೇಶ, ಗಾಡಿ ತಡವಾದ ಸಂದೇಶ ಎರಡೂ ನಿಮಗೆ ಬರುವುದಿಲ್ಲ.

## ಹಂತ 7: ಹತ್ತಿದ ಮೇಲೆ ಮೊದಲ 15 ನಿಮಿಷ

ಬೋಗಿ ಎಲ್ಲಿ ನಿಲ್ಲುತ್ತದೆಂದು ಪ್ಲಾಟ್‌ಫಾರ್ಮಿನ ಫಲಕ ನೋಡಿ, ಇಲ್ಲವೇ ಹಮಾಲರನ್ನು ಕೇಳಿ. ಖಾನಾಪುರದಂಥ ಸಣ್ಣ ನಿಲ್ದಾಣದಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಬೇರೆ ಡಬ್ಬಿ ಹತ್ತಿ ಒಳಗಿನಿಂದ ನಡೆದು ಬರೋಣವೆಂದರೆ ನಡುವಿನ ಬಾಗಿಲು ಮುಚ್ಚಿರಬಹುದು.

ಕೂಪೆಗೆ ಹೋದವರು ಮೊದಲು ಚಿಲಕ ನೋಡಿ. ಬಾಗಿಲು ಪೂರ್ತಿ ಸರಿಸಿ, ಚಿಲಕ ಹಾಕಿ, ಅಂಗೈ ಬಾಗಿಲಿಗೆ ಒತ್ತಿ ತೆರೆಯುವ ದಿಕ್ಕಿಗೆ ಗಟ್ಟಿಯಾಗಿ ಎಳೆಯಿರಿ. ಅಲುಗಾಡಬಹುದು, ಕಳಚಬಾರದು. ಮೂರು ಸಲ ಹೀಗೆ ಮಾಡಿ. ಸವೆದ ಚಿಲಕ ನಿಂತ ಗಾಡಿಯಲ್ಲಿ ಹಿಡಿದಂತೆ ಕಂಡು, ಲೋಂಡಾ ಕಡೆಯ ತಿರುವುಗಳಲ್ಲಿ ಕುಲುಕಾಟಕ್ಕೆ ತಾನೇ ಜಾರುತ್ತದೆ. ಕಳಚಿದರೆ ಗಾಡಿ ಊರು ಬಿಡುವ ಮೊದಲೇ ಅಟೆಂಡೆಂಟರನ್ನು ಕರೆಯಿರಿ. ಗಟ್ಟಿಯಾಗಿದ್ದೂ ಬಾಗಿಲು ಕಟಕಟ ಅನ್ನುತ್ತಿದ್ದರೆ ದಿನಪತ್ರಿಕೆಯ ಹಾಳೆಯೊಂದನ್ನು ಎಂಟು ಮಡಿಕೆ ಮಾಡಿ ಬಾಗಿಲು ಮತ್ತು ಚೌಕಟ್ಟಿನ ಸಂದಿನಲ್ಲಿ, ಸೊಂಟದ ಎತ್ತರಕ್ಕೆ, ತುರುಕಿ. ಸದ್ದು ನಿಲ್ಲುತ್ತದೆ. ಚಿಲಕದ ತೂತಿಗೆ ಮಾತ್ರ ಏನನ್ನೂ ತುರುಕಬೇಡಿ, ತುರ್ತಿನಲ್ಲಿ ಬಾಗಿಲು ತೆರೆಯದಂತಾಗುತ್ತದೆ.

ಆಮೇಲೆ ದೀಪ, ಓದುವ ದೀಪ, ಚಾರ್ಜಿಂಗ್ ಪಾಯಿಂಟ್. ಕೆಲವು ಗಾಡಿಗಳಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಬಂದ್ ಮಾಡುತ್ತಾರೆ, ಅಷ್ಟರೊಳಗೆ ಮೊಬೈಲ್ ತುಂಬಿಸಿಕೊಳ್ಳಿ. ಹಾಸಿಗೆಯ ಕಟ್ಟಿನಲ್ಲಿ ಒಬ್ಬರಿಗೆ ಎರಡು ಚಾದರ, ದಿಂಬು, ಕಂಬಳಿ, ಟವೆಲ್ ಇರಬೇಕು, ಎಣಿಸಿ.

ಹೊರಗಿನಿಂದ ಬೀಗ ಹಾಕುವ ವ್ಯವಸ್ಥೆ ಪ್ರಯಾಣಿಕರಿಗೆ ಇಲ್ಲ. ಇಬ್ಬರೂ ಒಟ್ಟಿಗೆ ಹೊರಗೆ ಹೋಗುವಂತಿಲ್ಲ ಎಂದೇ ತಿಳಿಯಿರಿ. ಪೆಟ್ಟಿಗೆಯನ್ನು ಕೆಳಗಿನ ಬರ್ತಿನ ಅಡಿಗೆ ತಳ್ಳಿ ಸರಪಳಿ ಹಾಕಿ. ಫಸ್ಟ್ ಎಸಿಯಲ್ಲಿ ಒಬ್ಬರಿಗೆ 70 ಕಿಲೋವರೆಗೆ ಸಾಮಾನು ಉಚಿತ, ಆದರೆ ಕೂಪೆಯ ನೆಲ ಬಹಳ ಚಿಕ್ಕದು. ದೊಡ್ಡ ಪೆಟ್ಟಿಗೆ ಎರಡಕ್ಕಿಂತ ಹೆಚ್ಚಾದರೆ ಕಾಲಿಡಲು ಜಾಗವಿಲ್ಲ.

## ಹಂತ 8: ರಾತ್ರಿ

ಮುಚ್ಚಿದ ಕೋಣೆಯಲ್ಲಿ ವಾಸನೆ ಹೊರಗೆ ಹೋಗುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗಟ್ಟಿ ಮೊಸರು ಸರಿ. ಎಣ್ಣೆಗಾಯಿ ಪಲ್ಯ, ಬಳ್ಳೊಳ್ಳಿ ಚಟ್ನಿ ಡಬ್ಬಿಯಿಂದ ಸೋರಿದರೆ ಬೆಳಗಿನವರೆಗೆ ಅದೇ ಗಾಳಿ. ಉಂಡ ಕಸ ಕಟ್ಟಿ ಹೊರಗಿನ ಡಬ್ಬಕ್ಕೆ ಹಾಕಿ ಬನ್ನಿ.

ಮೇಲಿನ ಬರ್ತಿಗೆ ಎಸಿಯ ತಣ್ಣನೆ ಗಾಳಿ ನೇರವಾಗಿ ಬೀಳುತ್ತದೆ. ಗಾಳಿ ಬರುವ ಕಿಂಡಿಯ ಕಡೆ ಕಾಲು ಬರುವಂತೆ ಮಲಗಿ, ತಲೆಗೆ ಒಂದು ಬಟ್ಟೆ ಇರಲಿ. ಏಣಿ ಇಳಿಯುವಾಗ ಕೋಣೆಯ ಕಡೆ ಬೆನ್ನು, ಬರ್ತಿನ ಕಡೆ ಮುಖ. ವಯಸ್ಸಾದವರ ಕೈಗೆ ಸಿಗುವಂತೆ ಟಾರ್ಚ್, ನೀರು ಇಡಿ. ಒಬ್ಬರು ಶೌಚಾಲಯಕ್ಕೆ ಹೋದಾಗ ಇನ್ನೊಬ್ಬರು ಎದ್ದು ಚಿಲಕ ಹಾಕಿ, ಮರಳಿ ಬಂದಾಗ ದನಿ ಕೇಳಿಯೇ ತೆಗೆಯಬೇಕು.

ಸೀಗರೇಟು, ಊದಿನಕಡ್ಡಿ, ಸೊಳ್ಳೆಬತ್ತಿ, ಮಗುವಿನ ಹಾಲಿಗೆಂದು ಸಣ್ಣ ಒಲೆ, ಯಾವುದೂ ಬೇಡ. ಬಿಸಿನೀರನ್ನು ಥರ್ಮಾಸಿನಲ್ಲಿ ಮನೆಯಿಂದಲೇ ತನ್ನಿ.

## ಹಂತ 9: ಇಳಿಯುವುದು

ಹುಬ್ಬಳ್ಳಿ ಮಾರ್ಗದ ಗಾಡಿಯಾದರೆ ತುಮಕೂರಿನ ಹೊತ್ತಿಗೆ ಎದ್ದಿರಬೇಕು. ಅಲ್ಲಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಯಶವಂತಪುರದಲ್ಲಿ ಇಳಿಯುವುದೋ, ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣದಲ್ಲೋ ಎಂಬುದನ್ನು ರಾತ್ರಿಯೇ ತೀರ್ಮಾನಿಸಿ. ಯಶವಂತಪುರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚಾದರ, ಟವೆಲ್ ಅಟೆಂಡೆಂಟರಿಗೆ ಎಣಿಸಿ ಕೊಡಿ. ಹೊರಡುವ ಮುನ್ನ ಬಾಗಿಲು ತೆರೆದಿಟ್ಟುಕೊಂಡೇ ಟಾರ್ಚ್ ಹಿಡಿದು ಮೂರು ಕಡೆ ನೋಡಿ: ಕನ್ನಡಿಯ ಪಕ್ಕದ ಕೊಕ್ಕೆ, ಮೇಲಿನ ಬರ್ತಿನ ಗೋಡೆಯ ಸಂದು, ಕೆಳಗಿನ ಬರ್ತಿನ ಅಡಿಯ ಒಳಮೂಲೆ. ಕನ್ನಡಕ, ಚಾರ್ಜರ್, ಔಷಧದ ಚೀಲ ಉಳಿಯುವುದು ಅಲ್ಲೇ.